ಅತ್ತೆಯ ಹೊಟ್ಟೆಬಟ್ಟೆ ಮತ್ತು ಆಸ್ಟ್ರೇಲಿಯಾದ ಹಾವು

ಮೊನ್ನೆ ಬೀರು ಚೊಕ್ಕ ಮಾಡುವಾಗ ತಳದಲ್ಲಿ ಹಳೆಯ ನೂಲಿನ ಸೀರೆಯ ಒಂದು ಉದ್ದನೆಯ ಪಟ್ಟಿ ಸಿಕ್ಕಿತು. ಮೂಗಿಗೆ ಹಿಡಿದರೆ ಇನ್ನೂ ಲೋಬಾನದ ಹೊಗೆಯ ವಾಸನೆ. ಒಂದು ತುದಿಯಲ್ಲಿ ಸಾಲಾಗಿ ಚೌಕಾಕಾರದ ತೂತುಗಳು, ಕತ್ತರಿಯಲ್ಲಿ ಕತ್ತರಿಸಿದ್ದು. ಹೆರಿಗೆಗೆಂದು ಬಂದಿರುವ ಮಗಳು, "ಅಮ್ಮಾ, ಇದನ್ನ ಒರೆಸೋ ಬಟ್ಟೆ ಮಾಡ್ಲಾ?" ಎಂದಳು. ಅವಳ ಕೈಯಿಂದ ಅದನ್ನು ಕಿತ್ತುಕೊಂಡೆ. ನೀವೇ ಹೇಳಿ, ಆಸ್ಟ್ರೇಲಿಯಾ ನೋಡಿ ಬಂದ ಬಟ್ಟೆಯಲ್ಲಿ ನೆಲ ಒರೆಸಲಾಗುತ್ತದೆಯೆ?

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಈ ಬಾಣಂತನ ನೆನೆಸಿಕೊಂಡರೆ ನನಗೆ ಅಂಜಿಕೆ. ಮಾಡುತ್ತಿದ್ದ ಅತ್ತೆ ಈಗಿಲ್ಲ. ಹಲಸೂರಿನಲ್ಲಿ ಬಾಣಂತನ ಮಾಡಿಕೊಡುವ ಹೆಂಗಸೊಬ್ಬಳಿದ್ದಾಳೆಂದು ಕೇಳಿ, ಮಗಳಿಗೆ ಹೇಳದೆ ಅವಳಿಗೆ ಫೋನು ಮಾಡಿಯೂ ಆಗಿತ್ತು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾವು ಹೊಸ ತಿಪ್ಪಸಂದ್ರದಲ್ಲಿದ್ದೆವು. ಸಿಂಧನೂರು ಕಡೆಯ ಅತ್ತೆ ನಮ್ಮ ಜತೆಗೇ ಇದ್ದರು. ನಾದಿನಿ ಗಂಡನೊಂದಿಗೆ ಆಸ್ಟ್ರೇಲಿಯಾದ ಕಬ್ಬಿನ ಸೀಮೆಯ ಚಿಕ್ಕ ಊರೊಂದರಲ್ಲಿದ್ದಳು, ಚೊಚ್ಚಲ ಬಸುರಿ. ಬಾಣಂತನಕ್ಕೆ ತಾಯಿಯೇ ಹೋಗಬೇಕು. ಊರಲ್ಲಿ ಓಣಿಯ ಬಾಣಂತಿಯರಿಗೆಲ್ಲ ಹಳೆ ಸೀರೆಯ ಹೊಟ್ಟೆಬಟ್ಟೆ ಸುತ್ತಿ ಹೊಟ್ಟೆ ಕಟ್ಟಿದ ಕೈ ನಮ್ಮ ಅತ್ತೆಯದು. ಆದರೆ ಅಲ್ಲಿಯ ಹಾವುಗಳ ವಿಷದ ಸುದ್ದಿಯನ್ನು ಯಾರೋ ಅವರ ಕಿವಿಗೆ ಹಾಕಿಬಿಟ್ಟಿದ್ದರು.

"ನಾ ಒಲ್ಲೆವ್ವ. ನಮ್ಮೂರ ಹಾವಾದ್ರ ಮಾರಿ ನೋಡಿ ಗುರ್ತ ಹಿಡೀತೀನಿ. ಆ ಪರದೇಶದ ಹಾವು ನನಗೇನು ಗೊತ್ತು?"

ಫೋನಿನಲ್ಲಿ ನಾದಿನಿ ಅತ್ತುಬಿಟ್ಟಳು. "ಅವ್ವಾ, ನೀ ಬರಲಿಲ್ಲಂದ್ರ ನನ್ನ ಕೂಸಿಗೆ ಎಣ್ಣಿ ಹಚ್ಚಾಕೂ ಯಾರಿಲ್ಲ."

ಅತ್ತೆಯನ್ನು ಇಂದಿರಾನಗರದ ನಮ್ಮ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಆಕೆ ನಗಲಿಲ್ಲ. "ಔಷಧಿ ಇದೆ ಅಮ್ಮಾ. ಆಸ್ಪತ್ರೆ ಸೇರೋವರೆಗೂ ವಿಷ ಮೇಲೇರಬಾರದು, ಅಷ್ಟೆ. ಇಡೀ ಕಾಲಿಗೆ ಬ್ಯಾಂಡೇಜ್ ಸುತ್ತಿ, ಉಳುಕಿದ ಕಾಲಿಗೆ ಸುತ್ತುವಷ್ಟು ಬಿಗಿ. ಕೋಲು ಕಟ್ಟಿ, ಅಲ್ಲಾಡದ ಹಾಗೆ ಮಲಗಿಸಿ. ಕಚ್ಚಿದ ಜಾಗ ಮಾತ್ರ ತೊಳೀಬೇಡಿ. ಚರ್ಮದ ಮೇಲಿರೋ ವಿಷದಿಂದಾನೇ ಯಾವ ಜಾತಿ ಹಾವು ಅಂತ ಅವರು ಕಂಡುಹಿಡಿಯೋದು. ಆದ್ರೆ ಇದು ಅಲ್ಲಿಯ ಹಾವಿಗೆ. ಇಲ್ಲಿ ಮಂಡಲದ ಹಾವು ಕಚ್ಚಿದ್ರೆ ಹೀಗೆ ಬಿಗೀಬೇಡಿ, ಆ ಜಾಗದ ಮಾಂಸಾನೇ ಕೊಳೆಯುತ್ತೆ. ಅಲ್ಲಾಡಿಸದೆ ಸೀದಾ ಆಸ್ಪತ್ರೆಗೆ."

"ಹಾವಿಗೂ ಪಾಸ್‌ಪೋರ್ಟ್ ನೋಡಿ ಔಷಧ ಏನ್ರೀ?" ಎಂದರು ಅತ್ತೆ.

ಸುತ್ತುವ ವಿದ್ಯೆ ಅವರಿಗೆ ಹೊಸತೇನಲ್ಲ. ತೊಳೆಯಬಾರದು ಎಂಬುದೇ ಗಂಟಲಲ್ಲಿ ಇಳಿಯಲಿಲ್ಲ. ಗಾಯವೆಂದರೆ ಮೊದಲು ನೀರು, ಆಮೇಲೆ ಅರಿಶಿನ, ಹುಟ್ಟಿದಾಗಿನಿಂದ ಬಂದದ್ದು. ಮೆಡಿಕಲ್ ಶಾಪಿನಿಂದ ಕ್ರೇಪ್ ಬ್ಯಾಂಡೇಜ್ ತಂದು ದಿನವೂ ಅಭ್ಯಾಸ ಶುರುವಾಯಿತು. ಕಾಲು ನನ್ನದು, ಕೋಲಿನ ಬದಲು ಲಟ್ಟಣಿಗೆ. ಪ್ರತಿ ಸಲವೂ ಅವರ ಕೈ ಅರಿಶಿನದ ಡಬ್ಬಿಯ ಕಡೆಗೇ. "ಅತ್ತಿ, ಬ್ಯಾಡ್ರೀ!" ಎಂದು ನಾನು ಕೂಗುವುದು. ಅಲ್ಲಿ ಕೂಗುವುದಕ್ಕೆ ನಾನಿರುವುದಿಲ್ಲವಲ್ಲ ಎಂಬುದೇ ನನ್ನ ಚಿಂತೆ.

ಒಂದು ದಿನ ಹೀಗೆಯೇ ತೊಡೆಯವರೆಗೆ ಸುತ್ತಿಸಿಕೊಂಡು ನಡುಮನೆಯಲ್ಲಿ ಮಲಗಿದ್ದೇನೆ, ಗ್ಯಾಸಿನವನು ಬಂದ. ಆಗ ಗ್ಯಾಸಿಗಾಗಿ ಕಾಯುವ ಕಷ್ಟ ನಿಮಗೂ ನೆನಪಿರಬೇಕು. ನಾನು ಏಳಹೊರಟರೆ ಅತ್ತೆ ಬಿಟ್ಟರೆ ತಾನೆ! "ಹಾವು ಕಡದೋರು ಎದ್ದು ಸಿಲಿಂಡರ್ ಇಳಿಸ್ಕೋತಾರೇನು? ಬಿದ್ಕೋ!"

ಅವನು ಕಿಟಕಿಯಲ್ಲಿ ಇಣುಕಿದ. "ಅಯ್ಯೋ, ಅಕ್ಕಂಗೆ ಏನಾಯ್ತಮ್ಮಾ?"

"ಹಾವು ಕಡದೈತಪಾ."

"ಆಸ್ಟ್ರೇಲಿಯಾದ್ದು" ಎಂದು ಅತ್ತೆ ಸೇರಿಸುವಷ್ಟರಲ್ಲಿ ಅವನು ಸಿಲಿಂಡರಿನ ಸಮೇತ ಗೇಟು ದಾಟಿದ್ದ. ಸಂಜೆಯವರೆಗೆ ಬೀದಿಯವರೆಲ್ಲ ಬ್ರೆಡ್ಡು, ಎಳನೀರು ಹಿಡಿದು ನನ್ನನ್ನು ನೋಡಲು ಬಂದರು. ನಾಚಿಕೆಯಿಂದ ಸತ್ತೇಹೋದೆ, ಎಳನೀರು ಮಾತ್ರ ಕುಡಿದೆ.

ಅಂತೂ ಹೊಸ ಕ್ರೇಪ್ ಬ್ಯಾಂಡೇಜುಗಳನ್ನು ಟ್ರಂಕಿಗೆ ಹಾಕಿಕೊಂಡು ಅತ್ತೆ ಹೊರಟರು. ಹೆರಿಗೆ ಸುಸೂತ್ರವಾಯಿತು. ಕೂಸಿಗೆ ಹೆಸರಿಟ್ಟ ಮೇಲೆ ಒಂದು ಮಧ್ಯಾಹ್ನ, ಅತ್ತೆಯ ಅಳಿಯ ಹಿತ್ತಲಿನಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಹುಲ್ಲಿನೊಳಗಿದ್ದ ಕಂದು ಹಾವನ್ನು ತುಳಿದುಬಿಟ್ಟ. ಅದು ಪಾದದ ಮೇಲೇ ಕಚ್ಚಿತು. ಅವ್ವನ ಮಗಳೇ ತಾನೆ, ನಾದಿನಿ ನೀರಿನ ತಂಬಿಗೆ, ಅರಿಶಿನದ ಡಬ್ಬಿ ಹಿಡಿದು ಓಡಿಬಂದಳು.

ಬೆಂಗಳೂರಿಗೆ ಮರಳಿದ ಮೇಲೆ ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು. "ನನ್ನ ಕೈಯೂ ಡಬ್ಬಿ ಕಡೀಗೇ ಹೋತವ್ವ. ಆಗ ನಿನ್ನ ದನಿ ಕೇಳಸ್ತು ನೋಡು, ‘ಅತ್ತಿ, ಬ್ಯಾಡ್ರೀ’ ಅಂತ. ತಂಬಗಿ ಕಸಗೊಂಡು ಒಗದೆ. ಫೋನ್ ಹಚ್ಚು ಅಂದೆ. ಬ್ಯಾಂಡೇಜ್ ಒಳಗ ಟ್ರಂಕಿನ್ಯಾಗ ಇತ್ತು. ಹಗ್ಗದ ಮ್ಯಾಲ ಹೊಟ್ಟಿಬಟ್ಟಿ ಒಣಗಾಕ ಹಾಕಿದ್ದೆ, ಅದನ್ನ ಎಳದು ಬೆರಳಿಂದ ತೊಡೀ ಮಟ ಸುತ್ತಿದೆ. ಕಸಬರಗಿ ಕೋಲು ಕಟ್ಟಿದೆ. ಎದ್ದೇಳಾಕ ನೋಡಿದ, ಎದಿ ಮ್ಯಾಲ ಕೈ ಒತ್ತಿ ಹಿಡದೆ. ಅಳಿಯ ಅನ್ನೂದನ್ನೂ ನೋಡಲಿಲ್ಲ."

ಆಸ್ಪತ್ರೆಯವರು ಆ ಸುತ್ತನ್ನು ಬಿಚ್ಚಲಿಲ್ಲವಂತೆ. ಕಚ್ಚಿದ ಜಾಗದಲ್ಲಿ ಮಾತ್ರ ಮಡಿಕೆಗಳನ್ನೆಲ್ಲ ಸೇರಿಸಿ ಕಿಟಕಿಯ ಹಾಗೆ ಕತ್ತರಿಸಿ, ಹತ್ತಿಯಲ್ಲಿ ವಿಷ ಒರೆಸಿಕೊಂಡು, ಹಾವು ಯಾವುದೆಂದು ಪತ್ತೆ ಮಾಡಿ, ಅದಕ್ಕೆ ತಕ್ಕ ಔಷಧಿ ಕೊಟ್ಟ ಮೇಲೆಯೇ ಬಿಚ್ಚಿದರಂತೆ. ಅಳಿಯ ನಡೆದುಕೊಂಡೇ ಮನೆಗೆ ಬಂದ. ಕ್ರೇಪ್ ಬ್ಯಾಂಡೇಜುಗಳು ಪ್ಲಾಸ್ಟಿಕ್ಕನ್ನೂ ಒಡೆಯದೆ ತಿಪ್ಪಸಂದ್ರಕ್ಕೆ ವಾಪಸಾದವು. "ಅಷ್ಟು ದೂರಕ್ಕ ನಿನ್ನ ದನಿ ಹೆಂಗ ಬಂತೋ" ಎಂದು ಅತ್ತೆ ನನ್ನ ಗಲ್ಲ ಸವರಿದರು. ನಾನು ಅಳುತ್ತ ನಗುತ್ತಿದ್ದೆ.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಮಗಳು ಸೋಫಾದ ಮೇಲೆ ಕಾಲು ಚಾಚಿದ್ದಳು. "ಎಲ್ಲಿ, ಸುತ್ತಿ ತೋರ್ಸು." ಬೆರಳಿನಿಂದ ಶುರು ಮಾಡಿದೆ. ನನ್ನ ಕಾಲಿನ ಮೇಲೆ ಅತ್ತೆ ಅಷ್ಟು ದಿನ ಸುತ್ತಿದ್ದು ನನ್ನ ಕೈಗೆ ಯಾವಾಗ ಬಂತೋ ತಿಳಿಯದು. ಬಟ್ಟೆ ಒಂದೂ ಸುಕ್ಕಿಲ್ಲದೆ ಮೇಲೇರುತ್ತ ಹೋಯಿತು.

"ಬಿಗಿ ಆಯ್ತೇನೇ?"

"ಇಲ್ಲಮ್ಮ, ಹಾಯಾಗಿದೆ."

ಅಷ್ಟರಲ್ಲಿ ಫೋನು ಬಂತು. ಮಗಳು ಏಳಹೊರಟಳು. "ಹಾವು ಕಡಿದೋರು ಏಳಬಾರದು, ಬಿದ್ಕೋ!" ಎಂದು ಗದರಿ ನಾನೇ ಎತ್ತಿದೆ. ಹಲಸೂರಿನ ಹೆಂಗಸು. ಯಾವಾಗಿನಿಂದ ಬರಲಿ ಎಂದು ಕೇಳಿದಳು.

"ಬೇಡಮ್ಮಾ," ಎಂದೆ, "ನಾನೇ ಮಾಡ್ತೀನಿ."