ಬೆಂಚಿನ ಸರದಿಯಲ್ಲಿ ಬಂದ ಉತ್ತರಗಳು

ಶ್ರೀರಂಗಪಟ್ಟಣದ ಒಂದು ಬಿ.ಎಡ್. ಕಾಲೇಜಿನಲ್ಲಿ, ಮುಂದೆ ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುವವರಿಗೆ ಪಾಠ ಮಾಡುವುದನ್ನು ಕಲಿಸುವವಳು ನಾನು. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಕರೆದರು, ಹೋದೆ. ನನ್ನ ತರಗತಿಯ ಹೊರಗೆ ಚಪ್ಪಲಿಗಳು ಕೂಡ ಗೋಡೆಗೆ ಮುಖ ಮಾಡಿ ಸಾಲಾಗಿ ನಿಲ್ಲುತ್ತವೆ. ಪ್ರಶಿಕ್ಷಣಾರ್ಥಿಗಳಿಗೆ ನಾನು ಹೇಳುವುದು ಒಂದೇ: ಪಾಠಯೋಜನೆಯಲ್ಲಿ ಬರೆದದ್ದನ್ನು ಮಾಡಿ, ಬರೆಯದೇ ಇದ್ದದ್ದನ್ನು ಮಾಡಬೇಡಿ.

ಹೋದ ವರ್ಷ ಬೂಕನಕೆರೆಯ ಹುಡುಗಿಯೊಬ್ಬಳಿದ್ದಳು. ಬೆಳಿಗ್ಗೆ ಹಸುಗಳ ಹಾಲು ಕರೆದು, ಡೈರಿಗೆ ಹಾಕಿ, ಬಸ್ಸು ಹಿಡಿದು ಬರುವವಳು. ತಿಳಿವಳಿಕೆಗೆ ಕೊರತೆಯಿಲ್ಲ. ಪರೀಕ್ಷಕರು ಬಂದು ಕೂತರೆ ಮಾತ್ರ ಬಾಯಿಗೆ ಬೀಗ. ಹಿಂದಿನ ಸಲ, ಪರೀಕ್ಷಕರ ಮುಂದೆ ಮಾಡಿ ತೋರಿಸುವ ಅಂತಿಮ ಪಾಠದಲ್ಲಿ ಕರೆಂಟು ಹೋಯಿತು, ಅದರ ಜೊತೆ ಅವಳ ಮಾತೂ ಹೋಯಿತು. ಕರೆಂಟು ಬಂತು, ಮಾತು ಬರಲಿಲ್ಲ. ನಪಾಸಾದಳು. ಈಗ ಶೀಳನೆರೆ ಕಡೆಯ ಒಂದು ಶಾಲೆಯವರು, ಈ ಸಲ ಪಾಸಾದರೆ ಜೂನ್‌ನಿಂದ ಕೆಲಸಕ್ಕೆ ಬಾ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು.

ಆದ್ದರಿಂದ ನಾನೇ ಮುಂದೆ ನಿಂತು ತಯಾರಿ ಮಾಡಿಸಿದೆ. ಪಾಠ ನಡೆಯಬೇಕಾದದ್ದು ಪಾಂಡವಪುರದ ಹತ್ತಿರದ ಶಾಲೆಯೊಂದರ ಎಂಟನೇ ತರಗತಿಯಲ್ಲಿ. ಪರೀಕ್ಷೆಗೆ ಮುಂಚೆ ಮಕ್ಕಳಿಗೆ ಉತ್ತರ ತಾಲೀಮು ಮಾಡಿಸುವುದು ಎಲ್ಲರೂ ಮಾಡುವ, ಯಾರೂ ಹೇಳಿಕೊಳ್ಳದ ಕೆಲಸ. ನಾನು ಅದಕ್ಕೊಂದು ಶಿಸ್ತು ತಂದೆ. ಎಲ್ಲರೂ ಕೈಯೆತ್ತುವ ಗದ್ದಲ ಬೇಡ. ಮೊದಲ ಪ್ರಶ್ನೆಗೆ ಮೊದಲ ಬೆಂಚಿನ ಮೊದಲ ಮಗು, ಎರಡನೆಯದಕ್ಕೆ ಅದರ ಪಕ್ಕದ ಮಗು. ಒಬ್ಬರಿಗೆ ಒಂದೇ ಉತ್ತರ. ಪಾಠದ ವಿಷಯ ಆಲ್ಗಾರಿದಮ್, ಅಂದರೆ ಕಂಪ್ಯೂಟರಿಗೆ ಕೊಡುವ ಸೂಚನೆಗಳ ಕ್ರಮ. ಅದಕ್ಕೆ ಪೀಠಿಕೆಯಾಗಿ ಮೂರು ಸುಲಭದ ಪ್ರಶ್ನೆ: ಬೆಳಿಗ್ಗೆ ಏನು ಕುಡಿಯುತ್ತೀರಿ, ಯಾರು ಮಾಡಿಕೊಡುತ್ತಾರೆ, ಸಿಹಿಗೆ ಏನು ಹಾಕುತ್ತಾರೆ. ನಾಲ್ಕನೆಯದರಿಂದ ಕಂಪ್ಯೂಟರ್. ಮಕ್ಕಳು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದರು.

ಪರೀಕ್ಷಕರಾಗಿ ಬಂದವರು ನಾಗಮಂಗಲದ ಕಡೆಯ ಹಿರಿಯರು. ಈ ಪಾಠ ಮುಗಿಸಿ ಅವರು ಕೆ.ಆರ್. ಪೇಟೆಗೂ ಹೋಗಬೇಕಿತ್ತು. ಕೂತವರೇ, ಪೀಠಿಕೆ ಬೇಡಮ್ಮ, ನೇರ ವಿಷಯಕ್ಕೆ ಬಾ ಎಂದರು.

ಹುಡುಗಿ ತಲೆಯಾಡಿಸಿ ನಾಲ್ಕನೇ ಪ್ರಶ್ನೆ ಕೇಳಿದಳು. “ಕಂಪ್ಯೂಟರಿನ ಮೆದುಳು ಯಾವುದು?”

ಮೊದಲ ಬೆಂಚಿನ ಮೊದಲ ಹುಡುಗ ಎದ್ದು, ಕೈಕಟ್ಟಿ, “ಕಾಫಿ” ಎಂದು ಹೇಳಿ ಕೂತ.

ಪರೀಕ್ಷಕರು ಕನ್ನಡಕ ತೆಗೆದರು. ಕಂಪ್ಯೂಟರಿಗೆ ಸೂಚನೆ ಬರೆಯುವವರನ್ನು ಏನೆನ್ನುತ್ತಾರೆ ಎಂದು ಅವಳು ಐದನೆಯದನ್ನು ಕೇಳಿದ್ದಕ್ಕೆ ಪಕ್ಕದ ಹುಡುಗಿ “ಅವ್ವ” ಎಂದಳು. ಸೂಚನೆ ತಪ್ಪಾದರೆ ಪರದೆಯ ಮೇಲೆ ಏನು ಬರುತ್ತದೆ ಎಂದದ್ದಕ್ಕೆ ಮೂರನೆಯವನು ಒಂದಿಷ್ಟೂ ಅಳುಕದೆ “ಬೆಲ್ಲ” ಎಂದ.

ಹಿಂದಿನ ಬೆಂಚಿನವನು ಅವನನ್ನು ತಿವಿದ. “ಲೇ, ಬೆಲ್ಲ ಯಾಕ್ಲಾ ಅಂದೆ?”

“ನಂದು ಬೆಲ್ಲ ಕಣ್ಲಾ. ಅವ್ರು ಏನಾರ ಕೇಳ್ಕಳ್ಳಿ.”

ತರಗತಿಗೆಲ್ಲ ಕೇಳಿಸಿತು. ಬೂಕನಕೆರೆಯ ಹುಡುಗಿಯ ಬಾಯಿ ಕಟ್ಟಿತು. ಹಿಂದಿನ ಸಲದ ಆ ಮೌನದ ಗುರುತು ನನಗಿತ್ತು. ಪೀಠಿಕೆಗೇ ಹೋಗು ಎಂದು ಪರೀಕ್ಷಕರ ಬೆನ್ನ ಹಿಂದಿನಿಂದ ಮೂರು ಬೆರಳು ತೋರಿಸಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಬೆಲ್ಲದ ಹುಡುಗನನ್ನೇ ನೋಡುತ್ತಿದ್ದಳು. ತುಟಿ ಅದುರಿತು. ಅತ್ತಳು ಅಂದುಕೊಂಡೆ. ನೋಡಿದರೆ ನಗು.

“ಸಾರ್, ಮಕ್ಕಳದು ಏನೂ ತಪ್ಪಿಲ್ಲ. ನಾ ಹೇಳ್ಕೊಟ್ಟ ಕ್ರಮದಲ್ಲೇ ಹೇಳ್ತಾವ್ರೆ. ಮೊದಲ ಮೂರು ಪ್ರಶ್ನೆ ಬುಟ್ಬುಟ್ಟವಳು ನಾನು” ಎಂದು ಮಕ್ಕಳ ಕಡೆ ತಿರುಗಿದಳು. “ಕಂಪ್ಯೂಟ್ರೂ ನಿಮ್ಮಂಗೇಯ. ಏನ್ ಕೇಳಿದ್ರು ಅಂತ ಯೋಚ್ನೆ ಮಾಡಾಕಿಲ್ಲ, ಸರದಿ ಬಂತು ಅಂತ ಎದ್ದು ಹೇಳ್ಬುಡ್ತದೆ. ಈಗ ನೀವೇ ಹೇಳಿ, ನಮ್ಮ ಕ್ರಮ ಎಲ್ಲಿ ಕೆಟ್ಟೋಯ್ತು?”

ಬೆಲ್ಲದ ಹುಡುಗನೇ ಮೊದಲು ಕಂಡುಹಿಡಿದ. ಅವ್ವ ಎಂದಿದ್ದ ಹುಡುಗಿ, ಹಾಗಾದರೆ ಸರದಿ ಬಿಟ್ಟು ಪ್ರಶ್ನೆ ಕೇಳಿಸಿಕೊಂಡೇ ಹೇಳೋಣ ಎಂದು ದುರಸ್ತಿಯನ್ನೂ ಸೂಚಿಸಿದಳು. ಆಮೇಲೆ ಬೂಕನಕೆರೆಯವಳು ಪಾಠಯೋಜನೆಯನ್ನು ಮುಚ್ಚಿ ಮೇಜಿನ ಮೇಲಿಟ್ಟಳು. ನಾನು ಕಣ್ಣು ಮುಚ್ಚಿಕೊಂಡೆ. ಹಾಲು ಕರೆಯುವುದರ ಕ್ರಮವನ್ನು ಮಕ್ಕಳಿಂದಲೇ ಹೇಳಿಸಿ ಬೋರ್ಡಿನ ಮೇಲೆ ಬರೆದಳು. ಚೊಂಬು, ಕೆಚ್ಚಲು ತೊಳೆಯುವುದು, ಕರೆಯುವುದು ಎಲ್ಲ ಬಂತು. ಮೊದಲು ಕರುವನ್ನು ಕೆಚ್ಚಲಿಗೆ ಬಿಡುವುದನ್ನು ಮರೆತಿದ್ದರು. ಇದೇ ಕ್ರಮದಲ್ಲಿ ಮಾಡಿದರೆ ಏನಾಗುತ್ತದೆ ಎಂದು ಕೇಳಿದಳು.

“ಒದೀತದೆ ಮಿಸ್” ಎಂದರು ಎಲ್ಲರೂ ಒಟ್ಟಿಗೆ.

ಎರರ್ ಅಂದರೆ ಅದೇ ಎಂದಳು. ಕೆ.ಆರ್. ಪೇಟೆಗೆ ಹೊರಡಬೇಕಾದವರು ಗಂಟೆ ಹೊಡೆಯುವವರೆಗೂ ಕೂತೇ ಇದ್ದರು.

ಹೊರಗೆ ಜಗಲಿಯಲ್ಲಿ ಅವರು ನನ್ನನ್ನು ನಿಲ್ಲಿಸಿದರು. “ಇದ್ನೆಲ್ಲ ನೀವೇ ಹೇಳ್ಕೊಟ್ಟಿದ್ರಾ ಮೇಡಂ?”

“ಬೆಲ್ಲದವರೆಗೆ ನಾನು ಸಾರ್. ಆಮೇಲಿನದೆಲ್ಲ ಅವಳದೇ.”

“ಅಂಗಾದ್ರೆ ಆಮೇಲಿಂದುಕ್ಕೇ ಅಂಕ ಕೊಡ್ತೀನಿ ಬುಡಿ” ಎಂದು ಸ್ಕೂಟರ್ ಹತ್ತಿದರು.

ಹುಡುಗಿ ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ಏನಂದ್ರು ಮೇಡಂ ಎಂದಳು. ಅಂತಿಮ ಪಾಠದ ಫಲಿತಾಂಶವನ್ನು ಮೊದಲೇ ಹೇಳುವಂತಿಲ್ಲ. ನಿಯಮ ನಿಯಮವೇ. ಶೀಳನೆರೆಗೆ ಬೆಳಿಗ್ಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಅಂತ ಈಗಲೇ ವಿಚಾರಿಸಿಕೋ, ಮೇಷ್ಟರಾದವರು ಪ್ರಾರ್ಥನೆಗೆ ತಡವಾಗಿ ಹೋಗಬಾರದು ಎಂದಷ್ಟೇ ಹೇಳಿದೆ.