ಗಂಡನಿಗೆ ನಾನು ಹಾಕಿದ ಮದ್ದು

ಅತ್ತೆ ನನ್ನ ಕೈಯಿಂದ ರೊಟ್ಟಿ ಬುಟ್ಟಿ ಕಸಿದುಕೊಂಡು ಮೇಲಿನ ರೊಟ್ಟಿಯನ್ನು ಮೂಸಿ ನೋಡಿದರು. ಅದನ್ನು ಎಮ್ಮೆಗೆ ಹಾಕಿ, ಮಗನಿಗೆ ತಾವೇ ಬೇರೆ ರೊಟ್ಟಿ ಬಡಿದರು.

ಎಮ್ಮೆಗೆ ಏನಾದರೂ ಆಗುತ್ತದೋ ಎಂದು ಸಂಜೆತನಕ ಅದರ ಮುಂದೆಯೇ ಕೂತಿದ್ದರು!

ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ನಮ್ಮ ಆಳಂದ ಸೀಮೆ ಇನ್ನೂ ನಿಜಾಮನ ಕೈಯಲ್ಲಿದ್ದ ಕಾಲ ಅದು. ನಾನು ಅಫಜಲಪುರದಿಂದ ಮಟಕಿಗೆ ಬಂದ ಹೊಸ ಸೊಸೆ. (ನಾನು ಹೇಳುತ್ತಿದ್ದೇನೆ, ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ. ನಡುನಡುವೆ ನಗುತ್ತಿದ್ದಾಳೆ, ನಗಲಿ.)

ಆವತ್ತಿನಿಂದ ನನಗೂ ಡೌಟು ಶುರುವಾಯಿತು. ಅತ್ತೆ ಬಡಿಸಿದ ಪಲ್ಯ ಕಹಿ ಅನ್ನಿಸತೊಡಗಿತು. ಮೆಂತ್ಯದ ಪಲ್ಯ ಕಹಿಯೇ ಇರುತ್ತದೆ... ಆಗ ಅದು ಹೊಳೆಯಲಿಲ್ಲ.

ಮೂಲ ಕಾರಣ ನಮ್ಮ ಯಜಮಾನರ ಗುರಿ ಹೊಡೆಯುವ ಹುಚ್ಚು. ಮಾವ ಬಿಟ್ಟುಹೋದ ಹಳೇ ರೈಫಲ್ ಇತ್ತು. ಜೇವರ್ಗಿ ಕಡೆಯ ಕೊಳಕೂರದ ಬಯಲಿನಲ್ಲಿ ಗೆಳೆಯರು ಸೇರಿ, ದೂರದಲ್ಲಿ ಸುಣ್ಣ ಬಳಿದ ಮಡಕೆ ಇಟ್ಟು ಪಂದ್ಯ ಕಟ್ಟಿ ಹೊಡೆಯುತ್ತಿದ್ದರು.

ಆ ವರ್ಷ ಪೇಟೆಯಲ್ಲಿ ತೋಟಾ ಸಿಗುವುದೇ ನಿಂತಿತು. ಇವರು ಹಾರಿಸಿದ ಖಾಲಿ ತೋಟಾಗಳಿಗೆ ಮನೆಯಲ್ಲೇ ಮದ್ದು ತುಂಬಿ, ಸೀಸದ ಗುಂಡು ಕೂರಿಸತೊಡಗಿದರು.

ಎಲ್ಲದರಲ್ಲೂ ಮದ್ದು ಒಂದೇ ತೂಕ ಇರಬೇಕು. ಗುಲಗಂಜಿಯಷ್ಟು ಹೆಚ್ಚುಕಡಿಮೆಯಾದರೂ ಅಷ್ಟು ದೂರಕ್ಕೆ ಗುಂಡು ಮಡಕೆ ಬಿಟ್ಟು ಎಲ್ಲೋ ಹೋಗುತ್ತದೆ. ಇವರ ಕೈ ಒರಟು. ರಂಗೋಲಿ ಹಾಕಿ ನನ್ನ ಕೈ ಪಳಗಿತ್ತು. ಚಿನ್ನ ತೂಗುವ ಪುಟ್ಟ ತಕ್ಕಡಿಯಲ್ಲಿ ಗುಲಗಂಜಿ ಇಟ್ಟು ನಾನೇ ಡಬ್ಬಿಯಿಂದ ಮದ್ದು ತೆಗೆದು ಚಿಟಿಕೆ ಚಿಟಿಕೆಯಾಗಿ ತೂಗುತ್ತಿದ್ದೆ.

ಬಾಗಿಲು ಹಾಕಿಕೊಂಡು.

ಯಾಕೆಂದರೆ ನಿಜಾಮನ ಕಡೆಯ ರಜಾಕಾರರು ಊರೂರು ತಿರುಗುತ್ತಿದ್ದರು. ಮನೆಯಲ್ಲಿ ತೋಟಾ ತಯಾರಾಗುತ್ತದೆ ಅಂತ ಸುದ್ದಿ ಹೋದರೆ ಇವರನ್ನು ಎಳೆದೊಯ್ಯುವುದು ಖಂಡಿತ. ಅತ್ತೆಗಂತೂ ಹೇಳುವ ಹಾಗೇ ಇಲ್ಲ, ಅವರ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂದು ಇಡೀ ಊರಿಗೆ ಗೊತ್ತು.

ಅತ್ತೆ ರೊಟ್ಟಿ ಮೂಸಿದ್ದರ ಹಿಂದಿನ ದಿನ ನಾನು ಇವರಿಗೆ ಹೇಳಿದ ಮಾತು ಬಾಗಿಲ ಸಂದಿಯಿಂದ ಅತ್ತೆಯ ಕಿವಿಗೆ ಬಿದ್ದಿತ್ತು. "ಮದ್ದು ಕಡಿಮಿ ಆಗ್ಯದ, ಇನ್ನೊಂದೀಟು ಹಾಕ್ತೇನಿ. ಅತ್ತೀಗಿ ಗೊತ್ತಾಗಬಾರದ್ರಿ."

ನಮ್ಮ ಕಡೆ ಸೊಸೆ ಮದ್ದು ಹಾಕಿದಳು ಅಂದರೆ ಒಂದೇ ಅರ್ಥ... ಗಂಡನನ್ನು ಕೈವಶ ಮಾಡಿಕೊಳ್ಳಲು ಅನ್ನದಲ್ಲಿ ಏನೋ ಬೆರೆಸಿದಳು ಅಂತ!

ಅತ್ತೆ ಅಫಜಲಪುರಕ್ಕೆ ಹೇಳಿ ಕಳಿಸಿದರು. ಅಣ್ಣ ಬಂಡಿ ಕಟ್ಟಿಕೊಂಡು ಬಂದ. ಇವರು ಹೊಲಕ್ಕೆ ಹೋಗಿದ್ದರು. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ.

"ನಿಮ್ಮ ತಂಗಿ ನನ್ನ ಮಗಗ ಮದ್ದು ಹಾಕ್ಯಾಳ್ರಿ. ನೋಡ್ರಿ, ಡಬ್ಬಿ ಸಿಕ್ಕದ. ಇಕೀನ್ನ ಕರ್ಕೊಂಡು ಹೋಗ್ರಿ."

ಅಣ್ಣ ನನ್ನ ಮುಖ ನೋಡುತ್ತಾನೆ. ನಿಜ ಹೇಳಿದರೆ ಗಂಡ ಉಳಿಯುವುದಿಲ್ಲ, ಹೇಳದಿದ್ದರೆ ಗಂಡನ ಮನೆ ಉಳಿಯುವುದಿಲ್ಲ. ಸಿಟ್ಟು, ಅಳು ಎರಡೂ ಬಂತು.

"ಬೆಂಕೀಗಿ ಹಾಕಿದ್ರ ಮದ್ದಿನ ಕಾಟ ಇಳೀತದ" ಎನ್ನುತ್ತ ಅತ್ತೆ ಒಂದು ಹಿಡಿ ತೆಗೆದು ಒಲೆಗೆ ಎಸೆದೇ ಬಿಟ್ಟರು.

ಭುಸ್ಸ್!

ಅಡುಗೆಮನೆ ತುಂಬ ಹೊಗೆ. ಹೊಗೆ ಸರಿದಾಗ ಅತ್ತೆಯ ಎರಡೂ ಹುಬ್ಬು ಇರಲಿಲ್ಲ.

ಅವರು ಮೂಸಿದರು. ಮಾವನ ಬಂದೂಕಿನ ವಾಸನೆ ಅವರಿಗೆ ಹೊಸದಲ್ಲ. ಡಬ್ಬಿ ನೋಡಿದರು, ನನ್ನನ್ನು ನೋಡಿದರು, ಬಾಗಿಲಲ್ಲಿದ್ದ ಹೆಂಗಸರನ್ನು ನೋಡಿದರು.

ಆಮೇಲೆ ಗಟ್ಟಿಯಾಗಿ ಹೇಳಿದರು. "ನೋಡಿದ್ರೇನ್ರೇ? ಎಂಥಾ ಜಬರ್ದಸ್ತ್ ಮದ್ದು ಇತ್ತು! ಸುಟ್ಟು ಹೋತು. ಇನ್ನ ಇಕಿ ಇಲ್ಲೇ ಇರ್ಲಿ, ನಡೀರಿ."

ಎಲ್ಲರೂ ಹೋದ ಮೇಲೆ ನನ್ನ ಕಿವಿಯಲ್ಲಿ, "ಹುಚ್ಚಿ, ಮೊದಲೇ ಹೇಳಬಾರದೇನ ಬೇ?" ಎಂದರು. ಅಣ್ಣನ ಜೊತೆ ಕೂತು ನಾನು ಬಡಿದ ರೊಟ್ಟಿಯನ್ನೇ ಉಂಡರು. ಮೂಸಲಿಲ್ಲ.

ರಜಾಕಾರರು ಹೋದರು, ನಿಜಾಮನೂ ಹೋದ. ಆದರೂ ಅತ್ತೆ ಆ ಡಬ್ಬಿಯ ವಿಷಯ ಸಾಯುವತನಕ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಹೀಗಾಗಿ ಮಟಕಿಯಲ್ಲಿ ನಾನು ಇವತ್ತಿಗೂ ಗಂಡನಿಗೆ ಮದ್ದು ಹಾಕಿದವಳೇ.

ಅವರ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಅಂತ ಯಾರ್ರೀ ಹೇಳಿದ್ದು?