ನೀರಿನಲ್ಲಿ ನಿಂತು ಬಾಯಾರಿದ ನಿಂಬೆ

ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿದ್ದಾಗ ನಾನು ವಿಜಯಪುರ ಜಿಲ್ಲೆಯಲ್ಲಿ ಸಸ್ಯ ಶರೀರಕ್ರಿಯಾ ವಿಜ್ಞಾನಿಯಾಗಿದ್ದೆ. ಹುದ್ದೆಯ ಹೆಸರು ಉದ್ದ, ಕೆಲಸ ಸರಳ. ಬಿಸಿಲು, ಬರ, ಚಳಿ, ಉಪ್ಪು ನೀರು ಇಂಥ ಕಷ್ಟ ಬಂದಾಗ ಬೆಳೆ ಏನು ಮಾಡುತ್ತದೆ ಎಂದು ನೋಡುವುದು, ಅದನ್ನು ರೈತರಿಗೆ ತಿಳಿಯುವ ಹಾಗೆ ಹೇಳುವುದು. ಪುಸ್ತಕದಲ್ಲಿ ಇದಕ್ಕೆ ಸ್ಟ್ರೆಸ್ ಎನ್ನುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲೂಕು ನನ್ನ ಪಾಲಿಗೆ. ನಾನು ಮುದ್ದೇಬಿಹಾಳದಲ್ಲೇ ಹುಟ್ಟಿ ಬೆಳೆದವಳು. ನಮ್ಮ ಕಡೆ ಬೆಳೆಯ ಕಷ್ಟ ಎಂದರೆ ಒಂದೇ, ನೀರಿಲ್ಲ. ಸಭೆಗಳಲ್ಲಿ ನಾನು ಎಷ್ಟು ಚಿತ್ರ ತೋರಿಸಿ ವಿವರಿಸಿದರೂ ಹಿಂದಿನ ಸಾಲಿನಿಂದ ಒಬ್ಬ ಎದ್ದು, "ಅದೆಲ್ಲ ಇರ್ಲಿ ಮೇಡಮ್ಮಾರ, ನೀರು ಎಂದ ಬರ್ತೈತಿ ಅದನ್ನ ಹೇಳ್ರಿ" ಎನ್ನುತ್ತಿದ್ದ.

ಆಮೇಲೆ ನೀರು ಬಂತು. ಇಂಡಿ ತಾಲೂಕಿನಲ್ಲಿ ಎಂದೂ ನೀರು ಕಾಣದ ಹೊಲಗಳಿಗೂ ಕಾಲುವೆ ಹರಿಯಿತು. ಜೋಳ ಬಿತ್ತುತ್ತಿದ್ದಲ್ಲಿ ಕಬ್ಬು ಎದ್ದು ನಿಂತಿತು. ಜನ ಖುಷಿಯಲ್ಲಿದ್ದರು, ನಾನೂ ಇದ್ದೆ. ಅಂಥ ಹೊತ್ತಿನಲ್ಲಿ, ಮಳೆಗಾಲ ಮುಗಿದ ಮೇಲೆ ಒಂದು ದಿನ, ಝಳಕಿ ಹತ್ತಿರದ ಹಳ್ಳಿಯಿಂದ ಮಲ್ಲಪ್ಪ ಎಂಬ ನಿಂಬೆ ಬೆಳೆಗಾರರು ಫೋನ್ ಮಾಡಿದರು.

"ನನ್ನ ಗಿಡಕ್ಕ ಔಷಧ ಹಾಕ್ಯಾರ್ರಿ. ನೀವು ಬಂದು ನೋಡಿ ಬರದ ಕೊಡ್ರಿ. ನಾ ಸ್ಟೇಶನ್ನಿಗೆ ಹೋಗಾಂವ ಅದೇನಿ."

"ಯಾರು ಹಾಕ್ಯಾರ?"

"ಮತ್ಯಾರು? ನಮ್ಮ ತಮ್ಮನ."

ವಿಷದ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನೌಕರಿಯಲ್ಲಿ ಇಂಥ ದೂರು ಬಹಳ ಕೇಳಿದ್ದೇನೆ. ಹೆಚ್ಚಿನವು ಬದುವಿನ ಜಗಳಕ್ಕೆ ಸಾಕ್ಷಿ ಹುಡುಕುವವರ ದೂರುಗಳು. ಆದರೂ ಹೋದೆ. ಇಂಡಿಯ ನಿಂಬೆ ಎಂದರೆ ಸುಮ್ಮನೆ ಅಲ್ಲ, ಒಂದು ಮನೆತನ ವರ್ಷಗಟ್ಟಲೆ ಬೆವರು ಸುರಿಸಿದ ಮೇಲೆ ಕಾಣುವ ತೋಟ ಅದು.

ತೋಟದೊಳಗೆ ಕಾಲಿಟ್ಟೆ. ಎಲೆಗಳು ಮಡಚಿಕೊಂಡು ಜೋತುಬಿದ್ದಿದ್ದವು. ಎಲೆಯ ನಡುನರ ಹಳದಿಯಾಗಿತ್ತು. ಅದರ ನಡುವೆ, ಕಾಲವಲ್ಲದ ಕಾಲದಲ್ಲಿ, ಟೊಂಗೆ ಟೊಂಗೆಗೂ ಹೂ. ತೋಟದ ತುಂಬ ಘಮ ಹರಡಿತ್ತು. ಮಲ್ಲಪ್ಪನವರ ಹೆಂಡತಿ ಶಾಂತವ್ವ ಒಂದು ಟೊಂಗೆ ಬಗ್ಗಿಸಿ ತೋರಿಸಿದರು. ಅರವತ್ತರ ಆಸುಪಾಸಿನ, ಸಣಕಲು ಮೈಯ, ಕೈ ಒಂದು ಕಡೆ ನಿಲ್ಲದ ಹೆಂಗಸು.

"ಇಷ್ಟ ಹೂ ಎಂದೂ ಹಿಡದಿರ್ಲಿಲ್ರಿ ಅಕ್ಕಾರ. ಗಿಡಕ್ಕ ಇನ್ನಾ ಜೀವ ಐತಿ, ಹೌದಲ್ರಿ? ಬಿಸಲಿಗೆ ಬಾಯಿ ಬಿಟ್ಟಾವ ಅಷ್ಟ. ದಿನಾ ನೀರು ಬಿಡಾಕತ್ತೇವಿ, ಸಾಲವಲ್ದು."

ನಿಂಬೆಗೆ ಕಷ್ಟ ಕೊಟ್ಟು ಹೂ ಬಿಡಿಸುವುದು ನಮ್ಮ ಬೆಳೆಗಾರರಿಗೆ ಗೊತ್ತಿರುವ ವಿದ್ಯೆಯೇ. ಕೆಲವು ವಾರ ನೀರು ನಿಲ್ಲಿಸಿ, ಎಲೆ ಬಾಡಿದ ಮೇಲೆ ಮತ್ತೆ ನೀರು ಕೊಟ್ಟರೆ ಗಿಡ ಒಮ್ಮೆಲೇ ಹೂ ಬಿಡುತ್ತದೆ. ಇದಕ್ಕೆ ಬಹಾರ ಹಿಡಿಯುವುದು ಎನ್ನುತ್ತಾರೆ. ಆದರೆ ಇವರು ನೀರು ನಿಲ್ಲಿಸಿಯೇ ಇರಲಿಲ್ಲ. ಯಾರೂ ಕೇಳದೆ ಗಿಡ ತಾನಾಗಿ ಹೀಗೆ ಮೈತುಂಬ ಹೂ ಬಿಟ್ಟಿತೆಂದರೆ ಅದರ ಅರ್ಥ ಬೇರೆ. ಸಾಯುವ ಮೊದಲು ಬೀಜ ಉಳಿಸಬೇಕೆಂದು ಅದು ಮೈಯಲ್ಲಿದ್ದದ್ದನ್ನೆಲ್ಲ ಖರ್ಚು ಮಾಡುತ್ತಿರುತ್ತದೆ.

ಸಲಿಕೆ ಕೇಳಿದೆ. ಒಂದು ಗಿಡದ ಬುಡದಿಂದ ಸ್ವಲ್ಪ ದೂರ ಮಲ್ಲಪ್ಪನವರೇ ಅಗೆದರು. ಮೊಣಕಾಲುದ್ದ ಹೋಗುವಷ್ಟರಲ್ಲಿ ಗುಂಡಿಯ ಗೋಡೆಯಿಂದ ನೀರು ಜಿನುಗತೊಡಗಿತು. ಕೊಳೆತ ಮೊಟ್ಟೆಯ ನಾತ ಮೂಗಿಗೆ ಬಡಿಯಿತು. ಒಂದು ಬೇರು ಎಳೆದೆ. ಕಪ್ಪಾಗಿತ್ತು, ಬೆರಳಿನಲ್ಲಿ ಹಿಡಿದರೆ ಸಿಪ್ಪೆ ಸುಲಿದು ಬಂತು.

ಅವರಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ಬೇರು ನೀರು ಕುಡಿಯುವುದಷ್ಟೇ ಅಲ್ಲ, ಉಸಿರೂ ಆಡುತ್ತದೆ. ಮಣ್ಣಿನ ಕಣಗಳ ನಡುವೆ ಇರುವ ಗಾಳಿ ಅದಕ್ಕೆ ಬೇಕು. ಆ ಜಾಗವನ್ನೆಲ್ಲ ನೀರು ತುಂಬಿಕೊಂಡರೆ ಬೇರಿಗೆ ಉಸಿರು ಕಟ್ಟುತ್ತದೆ. ಉಸಿರು ಕಟ್ಟಿದ ಬೇರಿಗೆ ನೀರು ಎಳೆಯುವ ಶಕ್ತಿ ಇರುವುದಿಲ್ಲ. ಆಗ ಎಲೆ ತನ್ನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಂಡು ಜೋತುಬೀಳುತ್ತದೆ. ಬರದಲ್ಲಿ ಜೋತುಬೀಳುವ ಹಾಗೆಯೇ, ಹೆಚ್ಚುಕಮ್ಮಿ ಅದೇ ರೂಪದಲ್ಲಿ. ಗಿಡ ನೀರಿನಲ್ಲೇ ನಿಂತಿರುತ್ತದೆ, ಬಾಯಾರಿರುತ್ತದೆ. ಹೊಳೆಸಾಲಿನ ಕಬ್ಬಿನ ಊರುಗಳಲ್ಲಿ ಇದಕ್ಕೆ ಜವಳು ಎನ್ನುತ್ತಾರೆ. ಆದರೆ ಇಲ್ಲಿಯ ಜನ ತಲೆಮಾರುಗಳಿಂದ ನೋಡಿದ್ದು ಒಣ ನೆಲವನ್ನು. ಬಾಡಿದ ಎಲೆ ಎಂದರೆ ನೀರಡಿಕೆ ಎಂದೇ ಅವರ ಕಣ್ಣು ಓದುತ್ತದೆ.

"ಇಷ್ಟ ನೀರು ಎಲ್ಲಿಂದ ಬಂತ್ರಿ?" ಎಂದರು ಮಲ್ಲಪ್ಪ. ಉತ್ತರ ಅವರ ಕಣ್ಣೆದುರಿಗೇ ಇತ್ತು. ತೋಟದ ಮೇಲುಭಾಗದಲ್ಲಿ ತಮ್ಮ ಶಿವಪ್ಪನವರ ಕಬ್ಬು. ಕಾಲುವೆ ನೀರು ಅಲ್ಲಿ ನೆಲಕ್ಕೆ ಇಳಿದು, ಕೆಳಗಿನ ಗಟ್ಟಿ ಕಲ್ಲಿನ ಪದರದ ಮೇಲೆ ಜಾರಿ, ಅಣ್ಣನ ತೋಟದ ಒಡಲಿಗೆ ಬಂದು ನಿಲ್ಲುತ್ತಿತ್ತು.

"ಅಂದ್ರ ಅಂವಾನ ಕೊಂದಾನ. ಔಷಧ ಅಲ್ಲ, ನೀರು ಹಾಕಿ ಕೊಂದಾನ."

"ನೆಲದಾಗ ನೀರು ಎತ್ತ ಹರೀತೈತಿ ಅಂತ ಅಂವಗೂ ಗೊತ್ತಿಲ್ಲ, ನಿಮಗೂ ಗೊತ್ತಿರ್ಲಿಲ್ಲ. ಸ್ಟೇಶನ್ನಿಗೆ ಹೋಗಿ ಗಿಡ ಬದುಕಸ್ತೀರೇನು?" ಎಂದು ಗದರಿದೆ. ಮಲ್ಲಪ್ಪ ಮುಖ ತಿರುಗಿಸಿದರು.

ನಾನು ಹೇಳಿದ ಉಪಾಯ ಮೂರು. ಎರಡೂ ಹೊಲದ ನಡುವೆ ಆಳವಾದ ಬಸಿಗಾಲುವೆ ತೋಡಿ, ಜಿನುಗುವ ನೀರನ್ನು ಹಳ್ಳಕ್ಕೆ ಬಿಡುವುದು. ಗಿಡದ ಹೊರೆ ಇಳಿಸಲು ಹೂವನ್ನೆಲ್ಲ ತರಿದು ಹಾಕುವುದು. ಮತ್ತು ನಾನು ಹೇಳುವ ತನಕ ಒಂದು ಹನಿ ನೀರೂ ಕೊಡದಿರುವುದು.

ಶಿವಪ್ಪನವರ ಮನೆಗೆ ನಾನೇ ಹೋದೆ. ಬಸಿಗಾಲುವೆಗೆ ಅವರ ಕಬ್ಬಿನ ಸಾಲುಗಳೇ ಹೋಗಬೇಕಿತ್ತು. ಅವರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ಆ ಗಿಡ ಹಚ್ಚುವಾಗ ಗುಂಡಿ ತೋಡ್ದಾಂವ ನಾನ ಅದೇನ್ರಿ. ನಾಳೆನ ಜೆಸಿಬಿ ತರಸ್ತೇನಿ. ಆದ್ರ ಅವನ ಸಂಗಟ ಮಾತಾಡು ಅಂತ ಮಾತ್ರ ಹೇಳಬ್ಯಾಡ್ರಿ" ಎಂದರು. ಮರುದಿನ ಜೆಸಿಬಿ ಬಂತು. ಅಣ್ಣ ಆ ಬದುವಿಗೆ, ತಮ್ಮ ಈ ಬದುವಿಗೆ ನಿಂತು ನೋಡಿದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಾಲುವೆಯಲ್ಲಿ ನೀರು ಹಳ್ಳದ ಕಡೆ ಹರಿದಾಗ ನನಗೆ ಮಾತ್ರ ಹಬ್ಬ.

ಹೂವನ್ನು ಶಾಂತವ್ವನೇ ತರಿದರು. ಉಡಿಯಲ್ಲಿ ತುಂಬಿಕೊಂಡು ಹೋಗಿ ತಿಪ್ಪೆಗೆ ಸುರಿಯುವಾಗ ಕಣ್ಣು ಒರೆಸಿಕೊಂಡರು, ಆದರೆ ಒಂದು ಟೊಂಗೆಯನ್ನೂ ಬಿಡಲಿಲ್ಲ. ಹೇಳಿದ ಮಾತು ಕೇಳುವ ಹೆಂಗಸು ಎಂದು ನಾನು ನೆಮ್ಮದಿಯಿಂದ ಜೀಪು ಹತ್ತಿದೆ.

ಮುಂದಿನ ವಾರಗಳಲ್ಲಿ ಕಬ್ಬಿಗೆ ಹತ್ತಿರವಿದ್ದ ಮೇಲಿನ ಸಾಲುಗಳು ನಿಧಾನವಾಗಿ ಚೇತರಿಸಿಕೊಂಡವು. ಸಣ್ಣ ಚಿಗುರು ಕಂಡಿತು. ಆದರೆ ಮನೆಗೆ ಹತ್ತಿರದ ಕೆಳಗಿನ ಸಾಲುಗಳು, ತೋಟದ ದೊಡ್ಡ ಪಾಲು ಅದೇ, ದಿನದಿನಕ್ಕೆ ಬೋಳಾಗುತ್ತ ಹೋದವು. ಮಲ್ಲಪ್ಪ ಮತ್ತೆ ಫೋನ್ ಮಾಡಿದರು. ಶಿವಪ್ಪ ಬಸಿಗಾಲುವೆ ತೋಡಿದಂತೆ ಮಾಡಿ ಬೇರೆ ಕಡೆಯಿಂದ ನೀರು ತಿರುಗಿಸಿದ್ದಾನೆ, ಈ ಸಲ ಪೊಲೀಸರೂ ಬೇಡ, ತಾವೇ ಹೋಗಿ ಅವನ ಕಬ್ಬಿಗೆ ಬೆಂಕಿ ಇಡುವುದು ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಮನಸ್ಸು ಗಟ್ಟಿ ಮಾಡಿಕೊಂಡವರ ಹಾಗೆ ಮಾತಾಡಿದರು. ಅದು ನನ್ನನ್ನು ಹೆದರಿಸಿತು.

ಹೋಗಿ ಕೆಳಗಿನ ಸಾಲಿನಲ್ಲಿ ಕೂತು ಮಣ್ಣು ಕೆದರಿದೆ. ಒಂದು ಸಂಗತಿ ಸರಿ ಬರಲಿಲ್ಲ. ಬಸಿ ನೀರು ತಳದಿಂದ ಮೇಲಕ್ಕೆ ಏರುತ್ತದೆ, ಮೇಲಿನ ಮಣ್ಣು ಎಲ್ಲಕ್ಕಿಂತ ಕೊನೆಗೆ ನೆನೆಯುತ್ತದೆ. ಇಲ್ಲಿ ಮೇಲಿನ ಮಣ್ಣೇ ಹಸಿಯಾಗಿ ಕೈಗೆ ಅಂಟುತ್ತಿತ್ತು. ಮಳೆ ಬಿದ್ದಿರಲಿಲ್ಲ. ಹನಿ ನೀರಾವರಿಯ ಪೈಪುಗಳನ್ನು ಮಲ್ಲಪ್ಪ ಸುತ್ತಿ ಮಾಳಿಗೆ ಮೇಲೆ ಇಟ್ಟಿದ್ದರು. ಯಾರೋ ಮೇಲಿನಿಂದ ನೀರು ಹಾಕುತ್ತಿದ್ದರು. ಯಾರಿಗೂ ಏನೂ ಹೇಳದೆ ಇಂಡಿಯಲ್ಲೇ ಉಳಿದು, ಮರುದಿನ ಬೆಳಿಗ್ಗೆ ಹೇಳದೆ ಕೇಳದೆ ಹೋದೆ.

ಶಾಂತವ್ವ ದನದ ತೊಟ್ಟಿಯಿಂದ ಕೊಡ ತುಂಬಿ ಟೊಂಕದ ಮೇಲಿಟ್ಟುಕೊಂಡು ಬರುತ್ತಿದ್ದರು. ಗಿಡದಿಂದ ಗಿಡಕ್ಕೆ, ಬುಡಕ್ಕೆ ಸುರಿದು, ಸೆರಗಿನಿಂದ ಎಲೆಯ ಧೂಳು ಒರೆಸಿ, ಮತ್ತೆ ತೊಟ್ಟಿಗೆ. ನನ್ನನ್ನು ನೋಡಿ ನಿಂತರು. ಕೊಡ ಕೆಳಗಿಡಲಿಲ್ಲ.

"ಶಾಂತವ್ವಾ, ನೀರು ಹಾಕಬ್ಯಾಡ ಅಂತ ಹೇಳಿದ್ನಲ್ಲ?"

"ಕೇಳೇನ್ರಿ. ಆದ್ರ ನೀವು ಹೇಳಿ ಹೋಗ್ತೀರಿ, ನಾ ಇವನ್ನ ದಿನಾ ನೋಡ್ಬೇಕು. ಬಾವಿ ಬತ್ತಿದ ವರ್ಷ ಇವು ಹಿಂಗ ನಿಂತಿದ್ದೂರಿ, ಹಿಂಗ, ಇದ ಎಲಿ, ಇದ ಬಣ್ಣ. ಟ್ಯಾಂಕರಿನ್ಯಾಗ ನೀರು ತರಿಸಿ ನಾ ಒಬ್ಬಾಕಿನ ಹೊತ್ತು ಹಾಕಿ ಉಳಸೇನಿ. ಮಂದಿ ತ್ವಾಟ ಎಲ್ಲಾ ಹೋದೂ, ನಮ್ದು ಉಳೀತು. ಬಾಯಿ ಬಿಟ್ಟು ನಿಂತದ್ದು ನೋಡಿ ಸುಮ್ಮ ಹ್ಯಾಂಗ ಇರ್ಲಿ?"

ಆಕೆಗೆ ಏನಾದರೂ ಮಾಡು ಎಂದರೆ ಆಗುತ್ತಿತ್ತು, ಕರುಳು ಕಿತ್ತು ಬರುವಂಥ ಕೆಲಸವೂ ಆಗುತ್ತಿತ್ತು. ಏನೂ ಮಾಡಬೇಡ ಎಂದರೆ ಆಗುತ್ತಿರಲಿಲ್ಲ. ಸಲಿಕೆ ತಂದು ಆ ಗಿಡದ ಬುಡದಲ್ಲೇ ಅಗೆದೆ. ಬೇರು ತೆಗೆದು ಆಕೆಯ ಅಂಗೈಯಲ್ಲಿಟ್ಟೆ. ಬೆರಳಾಡಿಸಿದರು, ಸಿಪ್ಪೆ ಜಾರಿ ಬಿತ್ತು. ಮೂಸಿ ನೋಡಿ ಬೇರನ್ನು ಕೆಳಗಿಟ್ಟರು.

ಅಷ್ಟರಲ್ಲಿ ಜೀಪಿನ ಸದ್ದಿಗೆ ಎಚ್ಚರಾದ ಮಲ್ಲಪ್ಪ ಬಂದರು. ಗುಂಡಿ ನೋಡಿ, "ಹಸಿ ನೋಡ್ರಿ! ನಾ ಹೇಳ್ಲಿಲ್ಲೇನು, ಅಂವಾನ ನೀರು ತಿರುವ್ಯಾನ ಅಂತ?" ಎಂದರು. ನಾನು ಶಾಂತವ್ವನ ಕಡೆ ನೋಡಲಿಲ್ಲ. ಭೂಮಿಯ ಇಳಿಜಾರು, ಕಲ್ಲಿನ ಪದರ, ಏನಾದರೊಂದು ಹೇಳಿ ದಾಟಿಸಬಹುದಿತ್ತು. ಅಂಥ ಮಾತಿಗೆ ವಿಜ್ಞಾನದಲ್ಲಿ ಕೊರತೆ ಇಲ್ಲ. ಆದರೆ ಆಕೆ ನನಗೆ ಅವಕಾಶವನ್ನೇ ಕೊಡಲಿಲ್ಲ.

"ಅಂವ ಅಲ್ರಿ. ನಾನು," ಎಂದರು ಶಾಂತವ್ವ. "ದಿನಾ ಹಾಕೇನಿ. ತಮ್ಮನ ಮ್ಯಾಲ ಹಾಕಬ್ಯಾಡ್ರಿ."

ಮಲ್ಲಪ್ಪ ಹೆಂಡತಿಯ ಟೊಂಕದ ಮೇಲಿದ್ದ ಕೊಡ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಎರಡೂ ಕೈಯಿಂದ ಮಣ್ಣು ಎಳೆದು ಗುಂಡಿ ಮುಚ್ಚತೊಡಗಿದರು.

ಕೆಳಗಿನ ಸಾಲುಗಳು ಉಳಿಯಲಿಲ್ಲ. ಶಿಲೀಂಧ್ರನಾಶಕ ಹಾಕಿಸಿದೆ, ಟೊಂಗೆ ಸವರಿಸಿದೆ, ಬೇರಿಗೆ ಗಾಳಿಯಾಡಲು ಮಣ್ಣು ಸಡಿಲಿಸಿದೆ. ಬೇರೇ ಇಲ್ಲದ ಗಿಡಕ್ಕೆ ಮಾಡುವ ಉಪಚಾರ ಯಾರ ಸಮಾಧಾನಕ್ಕೋ ಇರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಕಿತ್ತು ಹಾಕಿದರು. ಕಟ್ಟಿಗೆ ಸಾಗಿಸಲು ಶಿವಪ್ಪನವರು ತಮ್ಮ ಟ್ರ್ಯಾಕ್ಟರ್ ತಂದಿದ್ದರಂತೆ. ಅಣ್ಣತಮ್ಮಂದಿರು ಅಂದು ಕೆಲಸದ ಮಟ್ಟಿಗೆ ಮಾತಾಡಿದರು ಎಂದು ಆಮೇಲೆ ಕೇಳಿದೆ. ಶಾಂತವ್ವ ಹೊರಗೆ ಬರಲಿಲ್ಲವಂತೆ.

ಈ ಪ್ರಕರಣವನ್ನು ನಾನು ಮುಂದೆ ತರಬೇತಿಗಳಲ್ಲಿ ಬಹಳ ಸಲ ಹೇಳಿದೆ. ಬಾಡಿದ ಎಲೆ ನೋಡಿ ಔಷಧ ಬರೆಯಬೇಡಿ, ಮೊದಲು ಬೇರು ನೋಡಿ, ಬರಕ್ಕೂ ಜವಳಿಗೂ ಗಿಡ ತೋರಿಸುವ ಮುಖ ಒಂದೇ ಎಂದು ಹೇಳುತ್ತಿದ್ದೆ. ಕಾಲುವೆ ಹೊಸದಾಗಿ ಬಂದ ಊರುಗಳಲ್ಲಿ ಈ ಪಾಠ ಬೇಕೇ ಬೇಕು. ಆದರೆ ನೌಕರಿ ನನಗೆ ಕಲಿಸಿದ್ದು ಅದಕ್ಕಿಂತ ಕಷ್ಟದ್ದು. ಒಬ್ಬರ ಕಣ್ಣು ತಪ್ಪು ಓದಿತು ಎಂದು ತೋರಿಸಿಕೊಡುವುದು ಸುಲಭ. ಆಮೇಲೆ ಆ ಕಣ್ಣಿನ ಮೇಲೆ ಅವರಿಗೆ ಮತ್ತೆ ನಂಬಿಕೆ ಬರಿಸುವ ವಿದ್ಯೆ ಯಾವ ಪ್ರಯೋಗಶಾಲೆಯಲ್ಲೂ ಇಲ್ಲ. ಇದು ನನಗೆ ಮುಂದಿನ ಬೇಸಿಗೆಯಲ್ಲಿ ತಿಳಿಯಿತು.

ಮೇ ತಿಂಗಳು. ಕಾಲುವೆಯ ನೀರು ನಿಲ್ಲಿಸಿದ್ದರು, ನೆಲ ಬಿರುಕು ಬಿಟ್ಟಿತ್ತು. ಉಳಿದ ಮೇಲಿನ ಸಾಲಿನ ಗಿಡಗಳನ್ನು ನೋಡಲು ಹೋದೆ. ಎಲೆಗಳು ಜೋತುಬಿದ್ದಿದ್ದವು. ಶಾಂತವ್ವ ಒಂದು ಗಿಡದ ಪಕ್ಕದಲ್ಲಿ ತುಂಬಿದ ಕೊಡ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

"ಅಕ್ಕಾರ, ಇದು ಖರೇ ನೀರಡಿಕಿ ಏನ್ರಿ?"

ಮಣ್ಣು ಕೆದರಿ ನೋಡಿದೆ. ಕೈ ಹೋದಷ್ಟು ಆಳಕ್ಕೂ ಒಣ ಹುಡಿ. "ಹೌದವ್ವಾ, ಖರೇ ನೀರಡಿಕಿ. ಹಾಕು" ಎಂದೆ.

ಕೊಡಕ್ಕೆ ಕೈ ಹಚ್ಚಿದರು. ಎತ್ತಲಿಲ್ಲ. ನನ್ನ ಕಡೆ ಸರಿಸಿದರು.

"ನೀವ ಹಾಕ್ರಿ," ಎಂದರು.